ಆರೂವರೆಯ ಒಂದು ಹಂತ

ಸಿರಾಜುದ್ದೀನ ನವಲಗುಂದದ ಹತ್ತಿರದ ವಿದ್ಯುತ್ ಗ್ರಿಡ್ಡಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವನು. ಲಾಗ್‌ಬುಕ್ಕಿನಲ್ಲಿ ಒಂದು ಅಂಕಿಯನ್ನೂ ಸುಳ್ಳು ಬರೆದವನಲ್ಲ. ಆ ಜಂಬ ಅವನಿಗೆ ಸ್ವಲ್ಪ ಹೆಚ್ಚೇ ಇತ್ತೆನ್ನಿ. ನಿವೃತ್ತನಾಗಿ ನಾಲ್ಕು ವರ್ಷವಾದ ಮೇಲೆ ಗ್ರಿಡ್ಡಿನಿಂದ ಕರೆ ಬಂತು, ಹೋದ.

ಅಲ್ಲಿ ಅಮೃತಾ ಎಂಬ ಹೊಸ ಇಂಜಿನಿಯರು ಇಡೀ ತಾಲೂಕಿನ ಕರೆಂಟು ಜಾಲದ ಪಡಿಯಚ್ಚನ್ನು ಕಂಪ್ಯೂಟರಿನೊಳಗೆ ಕಟ್ಟಿ ನಿಲ್ಲಿಸಿದ್ದಳು. ಎಲ್ಲಿ ಎಷ್ಟು ಪಂಪು ಓಡಿದರೆ ಯಾವ ಓಣಿಯ ದೀಪ ಮಂಕಾಗುತ್ತದೆಂದು ಅದು ಮೊದಲೇ ಹೇಳುತ್ತಿತ್ತು. ಸೋಮವಾರದಿಂದ ಗ್ರಿಡ್ಡು ಅದು ಹೇಳಿದಂತೆ ತಾನಾಗಿಯೇ ನಡೆಯಬೇಕಿತ್ತು. ಆದರೆ ಒಂದು ಕಡೆ ತಾಳೆಯಾಗುತ್ತಿರಲಿಲ್ಲ.

"ಕಾಕಾ, ದಿನಾ ಸಂಜಿ ಆರೂವರಿಗೆ ವೋಲ್ಟೇಜ್ ಒಂದು ಹಂತ ಏರಸ್ತಾರ. ಕಂಪ್ಯೂಟರ್ ಬ್ಯಾಡ ಅಂತೈತಿ. ಪಾಳಿ ಹುಡುಗರನ್ನ ಕೇಳಿದ್ರ ಸಿರಾಜಕಾಕಾನ ರೂಲು ಅಂತಾರ. ಯಾಕ್ರಿ ಅದು?"

ಹೊಲದ ಪಂಪಿಗೆ ಬೇಕು ಅಂದಿದ್ದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಂತು.

ನಿಜ ಬೇರೆಯೇ ಇತ್ತು. ಹೆಂಡತಿ ಜುಲೇಖಾಬಿ ಜಮಖಾನೆ ನೇಯುತ್ತಿದ್ದಳು. ಆರೂವರೆಗೆ ಬಲ್ಬು ಹಚ್ಚಿ ಮಗ್ಗದ ಮುಂದೆ ಕೂರುತ್ತಿದ್ದಳು. ಪಾಳಿಯಲ್ಲಿದ್ದ ಸಿರಾಜುದ್ದೀನ ಆ ಹೊತ್ತಿಗೆ ಒಂದು ಹಂತ ಏರಿಸುತ್ತಿದ್ದ. ಮನೆಯ ಹಳದಿ ಬಲ್ಬು ಕೂದಲೆಳೆಯಷ್ಟು ಹೆಚ್ಚು ಬೆಳಗುತ್ತಿತ್ತು. "ಇವತ್ತೂ ನೆನಸಿದ್ರಿ" ಎನ್ನುತ್ತಿದ್ದಳು, ಅವನು ಮನೆಗೆ ಬಂದಾಗ. ಅವಳು ತೀರಿ ಆರು ವರ್ಷವಾಯಿತು. ಅವನು ಬಿಡಲಿಲ್ಲ. ನಿವೃತ್ತಿಯ ದಿನ, ಇದು ಹಳೇ ರೂಲು ಎಂದು ಹುಡುಗರಿಗೆ ಹೇಳಿ ಬಂದ. ಅಂದಿನಿಂದ ಅವಳ ಜಾಗದಲ್ಲಿ ತಾನು ಕೂತು, ಬೆಳಕು ಏರುವುದನ್ನು ಕಾಯುತ್ತಿದ್ದ.

ಎಲ್‌ಇಡಿಯಲ್ಲಿ ಆ ಏರಿಕೆ ಕಾಣುವುದಿಲ್ಲವೆಂದು, ಅಂಗಡಿ ಅಂಗಡಿ ತಿರುಗಿ ಹಳದಿ ಬಲ್ಬು ತಂದು ಗೋದಿಯ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ. ಈಗ ಅದೇ ಮಗ್ಗದಲ್ಲಿ ನೇಯುವ ಸೊಸೆ ರುಬಿಯಾ, ಹಳದಿ ಬೆಳಕಿನಲ್ಲಿ ನೂಲಿನ ಬಣ್ಣ ತಿಳಿಯುವುದಿಲ್ಲ, ಬಿಳಿ ಬಲ್ಬು ಹಾಕೋಣ ಎಂದು ಗೋಗರೆದರೂ ಕೇಳಿರಲಿಲ್ಲ.

"ಅದು ರೂಲಲ್ರೀ ಮೇಡಮ್ಮಾರ, ನನ್ನ ಹುಚ್ಚು" ಎಂದು ಎಲ್ಲವನ್ನೂ ಹೇಳಿಬಿಟ್ಟ.

ಅಮೃತಾ ಪರದೆ ಬಿಟ್ಟು ಅವನತ್ತ ತಿರುಗಿದಳು. "ಇರ್ಲಿ ಬಿಡ್ರಿ ಕಾಕಾ. ಒಂದು ಹಂತದಿಂದ ಯಾರಿಗೂ ಏನೂ ಆಗೂದಿಲ್ಲ."

"ಬ್ಯಾಡ್ರಿ. ಸೋಮಾರದಿಂದ ಇಡೀ ತಾಲೂಕಾ ಇದರ ಮ್ಯಾಲ ನಡೀತೈತಿ. ಇದರಾಗ ನನ್ನ ಸುಳ್ಳು ಇರಬಾರದು. ತಗೀರಿ. ಆದ್ರ ಅದಕ್ಕಿಂತ ಮೊದಲ ಒಮ್ಮಿ ತೋರಸ್ರಿ."

ಪರದೆಯ ಮೇಲೆ ಅವನ ಓಣಿ ಒಂದು ಚುಕ್ಕಿ. ಅವಳು ಆರೂವರೆಯ ಹಂತ ಏರಿಸಿದಳು. ಚುಕ್ಕಿಯ ಬಾಜು ಇದ್ದ ೨೧೪ ಎಂಬ ಅಂಕಿ ೨೧೭ ಆಯಿತು. ಅವನಿಗೂ ಜುಲೇಖಾಬಿಗೂ ನಡುವೆ ಇದ್ದದ್ದು ಅಷ್ಟೇ, ಮೂರು ವೋಲ್ಟು. ಅವನು ಕಣ್ಣು ತುಂಬ ನೋಡಿದ. ಆಮೇಲೆ ಅಮೃತಾ ಆ ಹಂತವನ್ನು ಅಳಿಸಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸೋಮವಾರ ಆರೂವರೆಯಾಯಿತು. ಬಲ್ಬು ಇದ್ದ ಹಾಗೆಯೇ ಇತ್ತು. ಏಳು ಹೊಡೆಯುವವರೆಗೂ ಸಿರಾಜುದ್ದೀನ ಅದನ್ನೇ ನೋಡುತ್ತ ಕೂತ. ಜುಲೇಖಾಬಿ ತೀರಿದ ದಿನ ಮನೆ ತುಂಬ ಜನವಿದ್ದರು, ಅವನಿಗೆ ಅಳಲು ಆಗಿರಲಿಲ್ಲ. ಈಗ ಅತ್ತ.

ಕಣ್ಣೊರೆಸಿಕೊಂಡು ಸೊಸೆಯನ್ನು ಕರೆದ.

"ರುಬಿಯಾ, ನಿನ್ನ ಬಿಳಿ ಬಲ್ಬು ಹಾಕು ಬೇಟಿ."