ಮೋಜಣಿ ಕಾಕಾ ಮತ್ತು ನಲವತ್ತನೇ ಅಡಿ

ಮೋಜಣಿ ಕಾಕಾ ಲಂಚ ತಿಂದು ನಮ್ಮ ಜಾಗ ಅಳೆದರು ಎಂದು ಗಜೇಂದ್ರಗಡದ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಏನು ತಿಂದರು ಎಂದು ಮಾತ್ರ ಕೇಳಿ ನೋಡಿ. ಕಿರಾಣಿ ಅಂಗಡಿಯವರು, ಒಂದು ರೇಷ್ಮೆ ಸೀರೆ ಎನ್ನುತ್ತಾರೆ. ಚಹಾದಂಗಡಿಯವರು, ಸೀರೆ ಗೀರೆ ಏನಿಲ್ಲ, ಬೆನ್ನಹಿಂದಿನ ಮನೆಯ ಸಾವಂತ್ರಕ್ಕ ಅವರಿಗೆ ದೂರದ ಬಂಧು ಎನ್ನುತ್ತಾರೆ. ನಮ್ಮ ಸೋದರಮಾವನ ಪ್ರಕಾರ ಎರಡೂ ಸುಳ್ಳು, ಮುದುಕನಿಗೆ ಕಣ್ಣೇ ಕಾಣುತ್ತಿರಲಿಲ್ಲ. ಧಾರವಾಡದಲ್ಲಿ ಕಾನೂನು ಓದುತ್ತ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು ನಾನು. ಒಂದು ಆರೋಪಕ್ಕೆ ಮೂರು ಕಾರಣ ಕೊಡುವವರ ಹತ್ತಿರ ಒಂದೂ ಸಾಕ್ಷಿ ಇರುವುದಿಲ್ಲ ಎಂಬುದಷ್ಟನ್ನಾದರೂ ಕಲಿತಿದ್ದೇನೆ. ಕಣ್ಣು ಕಾಣದವರಿಗೆ ಲಂಚ ಕೊಡುವಷ್ಟು ಹುಚ್ಚಿ ಸಾವಂತ್ರಕ್ಕ ಅಲ್ಲ. ಸಂಬಂಧಿಕರಾಗಿದ್ದರೆ ಸೀರೆ ಯಾಕೆ ಬೇಕಿತ್ತು? ಯಾವುದಾದರೂ ಒಂದನ್ನು ಆರಿಸಿಕೊಳ್ಳಿ, ಆಮೇಲೆ ವಾದಕ್ಕೆ ಬನ್ನಿ.

ಅವರ ಹೆಸರು ಬಸಲಿಂಗಪ್ಪ, ಊರು ಹೊಳೆಆಲೂರು. ಪರವಾನಗಿ ಪಡೆದ ಭೂಮಾಪಕರು. ರೋಣ, ನರಗುಂದ, ಗಜೇಂದ್ರಗಡದ ಸುತ್ತ ಯಾರು ಹೊಲ ಪಾಲು ಮಾಡಿಕೊಂಡರೂ, ಮನೆಗೆ ಬುನಾದಿ ತೋಡಲು ಹೊರಟರೂ ಮೊದಲು ಬರುತ್ತಿದ್ದುದು ಅವರ ಹಳೇ ಸ್ಕೂಟರ್. ಕಾಲ ಬಳಿ ಕಬ್ಬಿಣದ ಗೂಟಗಳ ಚೀಲ, ಬೆನ್ನಿಗೆ ನಕ್ಷೆ ಸುತ್ತಿಟ್ಟ ಉದ್ದನೆಯ ಡಬ್ಬಿ, ತಲೆಗೆ ಬಿಳಿ ಟೋಪಿ. ಅಳೆಯುವ ಮುನ್ನ ಅವರೆದುರು ಯಾರೂ 'ನಮ್ಮ ಜಾಗ' ಅನ್ನುವಂತಿರಲಿಲ್ಲ.

"ಈ ಜಾಗಾ ಅನ್ರಿ ಸದ್ಯೇಕ. ಅಳದ ಮ್ಯಾಲೆ ನಮ್ದು ಅನ್ನೀರಂತ."

ಅವರ ಇನ್ನೊಂದು ಪದ್ಧತಿಯೇ ಈ ಇಡೀ ಕಥೆಯ ಗಂಟು. ಟೇಪಿನ ತುದಿಯನ್ನು ಅವರು ತಾವು ಹಿಡಿಯುತ್ತಿರಲಿಲ್ಲ. ಸೊನ್ನೆಯ ತುದಿ ಎದುರು ಪಕ್ಷದವರ ಕೈಗೆ, ಅಂಕಿ ಓದುವ ತುದಿ ತಮ್ಮನ್ನು ಕರೆಸಿದವರ ಕೈಗೆ. ಓದಿದ ಅಂಕಿಯನ್ನು ಗಟ್ಟಿಯಾಗಿ ಕೂಗಬೇಕು, ಅವರ ಹಾಳೆಯಲ್ಲಿ ಸ್ವಂತ ಕೈಯಿಂದ ಬರೆಯಬೇಕು. ಅವರ ಬಳಿ ಹೊಸ ಯಂತ್ರವೂ ಇತ್ತು. ಮುಕ್ಕಾಲಿಯ ಮೇಲೆ ಅದನ್ನು ನಿಲ್ಲಿಸಿ, ಕಣ್ಣಿಟ್ಟು, ಏನೋ ಗುರುತು ಹಾಕಿಕೊಂಡು, ಆಮೇಲೆ ಟೇಪು ಬಿಚ್ಚುತ್ತಿದ್ದರು. ಯಂತ್ರವಿದ್ದ ಮೇಲೆ ಟೇಪು ಯಾಕೆ ಎಂದು ನಾನು ಸವಾಲು ಹಾಕಿದ್ದೆ.

"ಮಷೀನಿಂದ ನನಗ ಗೊತ್ತಾಗತೈತಿ ಯವ್ವಾ. ಟೇಪಿಂದ ಇವರಿಗೆ ಗೊತ್ತಾಗತೈತಿ."

ಅವರ ಬಗ್ಗೆ ಹೊಳೆಆಲೂರಿನಲ್ಲಿ ಒಂದು ಮಾತಿದೆ. ಮಲಪ್ರಭೆ ಉಕ್ಕಿ ಇಳಿದ ವರ್ಷ ಅಣ್ಣತಮ್ಮಂದಿರಿಬ್ಬರ ಹೊಲಗಳ ಮೇಲೆ ಮೊಣಕಾಲುದ್ದ ಕೆಸರು ಕೂತಿತ್ತು. ನಡುವಿನ ಗಡಿಕಲ್ಲು ಹತ್ತು ಹೆಜ್ಜೆ ಆಚೆ ಬಿದ್ದಿತ್ತು. ಬಿದ್ದಲ್ಲೇ ನೆಡೋಣ ಎಂದು ಲಾಭವಿದ್ದ ಅಣ್ಣ ಹಟ ಹಿಡಿದ. ಕಾಕಾ ನೀರು ಮುಟ್ಟದ ದಿಬ್ಬದ ಮೇಲಿನ ಕಲ್ಲಿನಿಂದ ಅಳೆಯುತ್ತ ಬಂದು, ಕೆಸರಿನಲ್ಲೊಂದು ಗೂಟ ಹೊಡೆದು, "ಇಲ್ಲಿ ಅಗೀರಿ" ಅಂದರು. ಮೊಳದಷ್ಟು ಕೆಳಗೆ ಹಳೆಯ ಕಲ್ಲಿನ ಕುಣಿ, ಅದರ ಸುತ್ತ ಬಿಗಿದಿದ್ದ ಹರಳುಗಳ ಸಮೇತ ಸಿಕ್ಕಿತು. "ನೀರು ಕಲ್ಲು ಸರಸತೈತಿ, ಮೂಲಿ ಸರಸಾಕ ಅದರಪ್ಪನ ಕೈಲೂ ಆಗಂಗಿಲ್ಲ" ಎಂದರಂತೆ. ಇದು ನಾನು ಕೇಳಿದ್ದು, ಕಂಡದ್ದಲ್ಲ. ಕೇಳಿದ್ದನ್ನು ನಂಬುವ ಜಾಯಮಾನ ನನ್ನದಲ್ಲವಾದ್ದರಿಂದ ಹೋಗಿ ನೋಡಿಬಂದೆ. ಕಲ್ಲು ಅಲ್ಲೇ ಇದೆ, ಅಣ್ಣತಮ್ಮಂದಿರು ಅದರ ಮೇಲೆ ಬುತ್ತಿ ಗಂಟು ಇಡುತ್ತಾರೆ.

ಇಂಥವರನ್ನು ನಮ್ಮ ಮನೆಗೆ ಕರೆತಂದವಳು ನಾನೇ. ಅಪ್ಪಾಜಿಯದು ಬಟ್ಟೆ ಅಂಗಡಿ. ಹಳೇ ಕಟ್ಟಡ ಕೆಡವಿ, ಅಲ್ಲಿ ಮೂರು ಅಂತಸ್ತು ಎಬ್ಬಿಸಬೇಕೆಂದು ಬುನಾದಿಗೆ ಸುಣ್ಣದ ಗೆರೆ ಹಾಕಿಸಿದಾಗ ಜಾಗ ಕಮ್ಮಿ ಬಿತ್ತು. ಖರೇದಿ ಪತ್ರದಲ್ಲಿ ನಲವತ್ತು ಅಡಿ. ಮುಂದಿನ ಗಟಾರದಿಂದ ಹಿಂದಿನ ಸಾವಂತ್ರಕ್ಕನ ಗೋಡೆಯವರೆಗೆ ಅಳೆದರೆ ಮೂವತ್ತೇಳು. ಉಳಿದ ಮೂರಡಿಯನ್ನು ಸಾವಂತ್ರಕ್ಕ ನುಂಗಿದ್ದಾಳೆ ಎಂದು ಅಪ್ಪಾಜಿ ಅಂದರು, ನಾನೂ ನಂಬಿದೆ. ಆ ಗೋಡೆಗೆ ಹತ್ತಿಕೊಂಡೇ ಅವಳ ಮಗ್ಗದ ಕುಣಿ. ಆ ಕುಣಿಯಲ್ಲಿ ಕಾಲಿಳಿಬಿಟ್ಟು ಮೂವತ್ತು ವರ್ಷದಿಂದ ಸೀರೆ ನೇಯುತ್ತಿದ್ದಾಳೆ. ಗೋಡೆ ಮೂರಡಿ ಹಿಂದೆ ಸರಿದರೆ ಕುಣಿಯೂ ಹೋಯಿತು, ಮಗ್ಗವೂ ಹೋಯಿತು. ಅದು ಗೊತ್ತಿದ್ದೇ ನಾನು, ವಾದದಲ್ಲಿ ಗೆಲ್ಲುವ ಹುಮ್ಮಸ್ಸಿನಲ್ಲಿ, ಮೋಜಣಿಗೆ ಚೆಂದದ ಅರ್ಜಿ ಬರೆದೆ.

ಕಾಕಾ ಬಂದವರೇ ಗಟಾರದ ಕಡೆ ನೋಡಲೂ ಇಲ್ಲ. ಸಾವಂತ್ರಕ್ಕನ ಹಿತ್ತಲಿನಾಚೆ, ಬೋರಿನ ಪಕ್ಕ ಹುಲ್ಲಿನಲ್ಲಿ ಮುಚ್ಚಿದ್ದ ಸರ್ವೆ ಕಲ್ಲಿನ ಹತ್ತಿರ ಕೂತರು.

"ಗಟಾರ ನಿನ್ನೆ ಮೊನ್ನೆ ಬಂದದ್ದು. ಈ ಮುದುಕನ್ನ ಕೇಳೂಣು" ಎಂದು ಕಲ್ಲಿನ ಬೆನ್ನು ತಟ್ಟಿದರು.

ಸೊನ್ನೆ ಸಾವಂತ್ರಕ್ಕನ ಕೈಗೆ, ಟೇಪು ಅಪ್ಪಾಜಿಯ ಕೈಗೆ. ಕಲ್ಲಿನಿಂದ ಅವಳ ಗೋಡೆಯ ಹೊರಮೈಗೆ ಮೂವತ್ತು. ಅವಳ ಪತ್ರದಲ್ಲಿದ್ದುದೂ ಮೂವತ್ತೇ. ಅಪ್ಪಾಜಿ ಮತ್ತೊಮ್ಮೆ ಎಳೆಸಿದರು, ಮೂರನೇ ಸಲವೂ ಎಳೆಸಿದರು. ಆಮೇಲೆ ಆ ಗೋಡೆಯಿಂದ ರಸ್ತೆಯ ಕಡೆಗೆ.

"ಸಾವಕಾರ್ರ, ನಲವತ್ತು ಬರೂತನ ನಡೀರಿ. ಬಂದ ಕೂಡ್ಲೆ ನಿಂದರ್ರಿ."

ಅಪ್ಪಾಜಿ ನಡೆದರು. ಖಾಲಿ ಜಾಗ ದಾಟಿದರು, ಸುಣ್ಣದ ಗೆರೆ ದಾಟಿದರು, ಗಟಾರದ ಹಾಸುಗಲ್ಲು ದಾಟಿದರು. ಡಾಂಬರಿನ ಮೇಲೆ ನಿಂತು, ಟೇಪು ಕಣ್ಣಿಗೆ ಹಿಡಿದು, ಸಣ್ಣ ದನಿಯಲ್ಲಿ "ನಲವತ್ತು" ಅಂದರು.

"ಕೇಳಸಲಿಲ್ರಿ!"

"ನಲವತ್ತೂ!"

ಹಿಂದಿನಿಂದ ಬಂದ ಬೈಕಿನವನೊಬ್ಬ ಹಾರ್ನು ಒತ್ತಿದ. "ಯಾಕ್ರೀ ಸಾವಕಾರ್ರ, ನಡು ಹಾದ್ಯಾಗ ನಿಂತೀರಿ?"

"ಅವರ ಜಾಗಾದಾಗ ಅವರು ನಿಂತಾರಪಾ, ನೀ ಬಾಜೂಲೆ ಹೋಗು" ಅಂದರು ಕಾಕಾ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಸಾವಂತ್ರಕ್ಕ ಸೊನ್ನೆಯ ತುದಿ ಬಿಡದೆ ಕೂಗಿದಳು: "ನನ್ನ ಮಗ್ಗಕ್ಕ ಎದ್ದು ಹೋಗಾಕ ಕಾಲಿಲ್ರಿ ಅಣ್ಣಾರ! ನಿಮ್ಮ ಜಾಗಾಕ ಅದಾವ ನೋಡ್ರಿ, ತಾನ ರಸ್ತೇಕ ಹೋಗಿ ನಿಂತೈತಿ!"

ರಸ್ತೆ ಅಗಲ ಮಾಡುವಾಗ ಆ ಮೂರಡಿಯನ್ನು ಅಪ್ಪಾಜಿಯೇ ನಗುನಗುತ್ತ ಬಿಟ್ಟುಕೊಟ್ಟಿದ್ದರು. ಲಾರಿ ಅಂಗಡಿ ಬಾಗಿಲಿಗೇ ಬರುತ್ತದೆಂಬ ಖುಷಿಗೆ ಓಣಿಗೆಲ್ಲ ಪೇಢೆ ಹಂಚಿದ್ದು ನನಗೂ ನೆನಪಿದೆ, ನಾನೂ ತಿಂದಿದ್ದೆ. ಅದನ್ನು ಮರೆತು, ಬೆನ್ನಹಿಂದಿನ ಮನೆಯಲ್ಲಿ ಕಳ್ಳನನ್ನು ಹುಡುಕಿದೆವು.

ಅವತ್ತು ಅಪ್ಪಾಜಿ ಹಾಳೆಯಲ್ಲಿ ಅಂಕಿ ಬರೆದರು. ಮರುದಿನ ಪೂರ್ತಿ ನಕ್ಷೆಗೆ ಸಹಿ ಕೇಳಿದಾಗ ಪೆನ್ನು ಕೆಳಗಿಟ್ಟರು. ವಾರ ಕಳೆಯುವುದರೊಳಗೆ ಸೀರೆ, ಸಂಬಂಧ, ಕಣ್ಣು ಎಲ್ಲ ಹುಟ್ಟಿದವು. ಪೇಟೆಯವರು ಕಾಕಾನನ್ನು ಕರೆಯುವುದನ್ನೇ ಬಿಟ್ಟರು.

ನನಗೆ ತಡೆಯಲಿಲ್ಲ. ಹೊಳೆಆಲೂರಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತು ಒದ್ದೆ ಅರಿವೆಯಿಂದ ಟೇಪು ಒರೆಸುತ್ತಿದ್ದರು. "ಬರ್ರಿ ಕಾಕಾರ, ಪೇಟ್ಯಾಗ ನಿಂತು ಒಂದು ಮಾತು ಹೇಳ್ರಿ. ಸುಮ್ಮನಿದ್ದರ ತಪ್ಪು ಒಪ್ಪಿದಂಗ ಆಗತೈತಿ" ಎಂದು ಅರ್ಧ ತಾಸು ವಾದಿಸಿದೆ. ಅವರು ಟೇಪು ಪೂರ್ತಿ ಸುತ್ತುವವರೆಗೂ ಕೇಳಿದರು.

"ಮುಗೀತೇನವಾ? ಭಾಳ ಚಲೋ ಮಾತಾಡ್ತಿ. ನಾ ಅಳಿಯೋನು, ಅಳದು ಬಂದೀನಿ. ವಾದಾ ಮಾಡೂದು ನಿನ್ನ ಕಸುಬು, ನನ್ನ ಕಡೆ ಯಾಕ ಹಚ್ಚತಿ?"

ಒಳಗೆ ಹೋಗಿ ಆ ದಿನದ ಹಾಳೆ ತಂದು ನನ್ನ ಕೈಗಿಟ್ಟರು. "ನಿಮ್ಮಪ್ಪ ಕೆಟ್ಟಾಂವ ಅಲ್ಲ. ನಾಚಿಕಿ ಆಗೇತಿ ಅವಂಗ. ನಾಚಿಕಿ ಆದಾಂವ ಕೆಟ್ಟಾವಗಿಂತ ಲಗೂ ಸುಳ್ಳ ಹೇಳತಾನ."

ಅದೇ ಕೊನೆಯ ಭೇಟಿ. ಈ ಸಲದ ಮಳೆಗಾಲದಲ್ಲಿ ಹೋಗಿಬಿಟ್ಟರು. ಮಣ್ಣಿಗೆ ರೋಣದ ಕಡೆಯ ರೈತರು ಬಂದಿದ್ದರು, ನರಗುಂದದಿಂದ ಬಂದಿದ್ದರು, ಆ ಅಣ್ಣತಮ್ಮಂದಿರು ಹೆಗಲು ಕೊಟ್ಟರು. ನಮ್ಮ ಪೇಟೆಯಿಂದ ಇಬ್ಬರೇ: ನಾನು ಮತ್ತು ಸಾವಂತ್ರಕ್ಕ.

ಈಗ ಅಪ್ಪಾಜಿ ಮರುಮೋಜಣಿಗೆ ಅರ್ಜಿ ಹಾಕಿದ್ದಾರೆ. ಬರೆದುಕೊಡು ಅಂದಾಗ ನಾನು ಒಲ್ಲೆ ಅಂದೆ, ಬೇರೆಯವರಿಂದ ಬರೆಸಿದರು. ಅದರಲ್ಲಿ ಒಂದು ಸಾಲಿದೆ: 'ಹಿಂದಿನ ಮೋಜಣಿಯು ನಮ್ಮ ಗೈರುಹಾಜರಿಯಲ್ಲಿ ನಡೆದಿರುತ್ತದೆ.' ಅಲ್ಲಗಳೆಯಲು ಕಾಕಾ ಇಲ್ಲವೆಂಬ ಧೈರ್ಯ ಆ ಸಾಲಿನದು. ಹೊಸ ಭೂಮಾಪಕರು ಬರುವುದು ಬರುವ ಸೋಮವಾರ. ಮಗಳು ಎದುರು ಪಕ್ಷಕ್ಕೆ ನಿಂತಳು ಎಂದು ಪೇಟೆಯವರು ಅಂದುಕೊಳ್ಳಲಿ, ಹಾಳೆ ಹಿಡಿದು ಸಾವಂತ್ರಕ್ಕನ ಗೋಡೆಯ ಬಳಿಯೇ ನಿಲ್ಲುವವಳು ನಾನು.

ಅದಕ್ಕೂ ಮೊದಲು ಅಪ್ಪಾಜಿಗೆ ಒಂದು ಅವಕಾಶ ಕೊಡಬೇಕೆನಿಸಿತು. ನಿನ್ನೆ ಬೆಳಿಗ್ಗೆ, ಹೊಸ ಕಟ್ಟಡ ಏಳುವವರೆಗೆಂದು ಹಿಡಿದಿದ್ದ ಬಾಡಿಗೆಯ ಅಂಗಡಿಗೆ ಹೋದೆ. ಅಪ್ಪಾಜಿ ಗಿರಾಕಿಯೊಬ್ಬಳಿಗೆ ಖಣ ಅಳೆಯುತ್ತಿದ್ದರು. ಯಾವಾಗಿನಂತೆ ಮೀಟರ್ ಪಟ್ಟಿಯಾಚೆಗೆ ಎರಡು ಬೆರಳು ಹೆಚ್ಚು ಬಿಟ್ಟೇ ಕತ್ತರಿ ಹಾಕಿದರು. ನಲವತ್ತು ವರ್ಷದಲ್ಲಿ ಯಾರಿಗೂ ಒಂದು ಬೆರಳು ಕಡಿಮೆ ಕೊಟ್ಟವರಲ್ಲ. ಅವಳು ಹೋದ ಮೇಲೆ ಕಾಕಾನ ಹಾಳೆಯನ್ನು ಪಟ್ಟಿಯ ಪಕ್ಕ ಬಿಡಿಸಿಟ್ಟೆ. ಅಪ್ಪಾಜಿ ಬಟ್ಟೆಯ ಚೀಟಿಯಲ್ಲಿ ಬರೆಯುವ ಹಾಗೆಯೇ, ಅವರದೇ ಕೈಬರಹದ 'ನಲವತ್ತು' ಎಂಬ ಅಂಕಿಯ ಕೆಳಗೆ ಎರಡು ಗೆರೆ ಎಳೆದಿತ್ತು.

"ಅಪ್ಪಾಜಿ, ಅವತ್ತು ನೀವು ಇರಲಿಲ್ಲ ಅಂದ ಮ್ಯಾಲೆ, ನಡು ರಸ್ತ್ಯಾಗ ನಿಂತು ನಲವತ್ತು ಅಂತ ಒದರಿದಾಂವ ಯಾರ್ರಿ?"