ಹಗೇವಿನೊಳಗ ಮುಗಿಲ ಯುದ್ಧ

ಹೋದ ವಾರ ಸೊಸಿ ಜೋಳದ ಡ್ರಮ್ಮಿನ ಮುಚ್ಚಳ ತಗದಳು. ಮುಗ್ಗಿದ ಜೋಳದ ವಾಸನಿ ಪಡಸಾಲಿಗೆ ಬಂತು. ಹುಳಿಹುಳಿ, ಒಂಚೂರು ಸೆರೇದ ವಾಸನಿ ಇದ್ದಂಗ... "ಅತ್ತಿ, ಬಿಸಿಲಿಗೆ ಹಾಕೂಣೇನ್ರಿ?" ಅಂತ ಕೇಳಿದ್ಲು. ನಾ ಮೂಗಿಗೆ ಸೆರಗು ಹಿಡಕೊಂಡು ಹೊರಗ ಕಟ್ಟಿ ಮ್ಯಾಲ ಹೋಗಿ ಕುಂತೆ. ಪಾಪ, ಜೋಳ ಕೆಟ್ಟದ್ದಕ್ಕ ಅತ್ತಿ ಸಿಟ್ಟಾದ್ಲು ಅಂತ ಆಕಿ ತಿಳಕೊಂಡ್ಲು. ಸಿಟ್ಟು ನನಗ ಮೂಗಿನ ತುದಿ ಮ್ಯಾಲ ಇರತೈತಿ, ಸುಳ್ಳ ಯಾಕ ಹೇಳ್ಲಿ. ಆದ್ರ ಅವತ್ತ ಬಂದದ್ದು ಸಿಟ್ಟಲ್ಲ. ಅದು ಹಗೇವಿನ ವಾಸನಿ. ಅದರ ಬೆನ್ನಿಗೆ ನಮ್ಮ ಬಾಜೂಮನಿ ಮಗ್ಗದ ಕಾಕಾ ನೆನಪಾದ.

ಸ್ವರಾಜ್ಯ ಬಂದು ಏಳೆಂಟು ವರ್ಷ ಆಗಿರಬೇಕು ಆವಾಗ. ನಾವು ಗಜೇಂದ್ರಗಡದವರು. ನಮ್ಮದು ಒಕ್ಕಲುತನದ ಮನಿ, ಲಕ್ಕಲಕಟ್ಟಿ ದಾರಿಗೆ ಒಂದೀಟು ಎರಿಹೊಲ ಇತ್ತು. ಕಾಕಾಂದು ಸೀರಿ ನೇಯೋ ಮನಿ. ಎರಡೂ ಮನಿ ನಡುವ ಒಂದ ಗ್ವಾಡಿ, ಆಕಡೆ ಮಾತಾಡಿದ್ದು ಈಕಡೆ ಪೂರಾ ಕೇಳ್ತಿತ್ತು. ಸಾಲಿ ಬಿಟ್ಟಮ್ಯಾಲ ಓಣಿ ಹುಡುಗ್ಯಾರೆಲ್ಲಾ ಕಾಕಿಗೆ ಕಂಡಿಕಿ ಸುತ್ತಿಕೊಡಾಕ ಅಲ್ಲಿ ಹೋಗ್ತಿದ್ವಿ. ನೂಲು ಸುತ್ತೂದು ನೆವ, ನಮಗ ಬೇಕಾಗಿದ್ದು ಕಾಕಾನ ಕತಿ.

ಕಾಕಾ ಹರೇದಾಗ ಮುಂಬಯಿ ಬಂದರದಾಗ ಹಮಾಲಿ ಮಾಡಿ ಬಂದಿದ್ದ. ಅಲ್ಲಿ ಹಡಗಿನ್ಯಾಗ ದುಡಿಯೂ ಯಾರೋ ಒಬ್ಬ ಖಲಾಸಿ, ರಾಜನ ಹಡಗಿನ ದಂಡಿಗೂ ಸಮುದ್ರದ ಕಳ್ಳರಿಗೂ ಆದ ಯುದ್ಧದ ಕತಿ ಹೇಳಿದ್ದನಂತ. ಅದನ್ನ ನಮಗ ಹೇಳಾಕ ಹೋದ್ರ, ಸಮುದ್ರ ಅಂದ್ರೇನು ಅಂತ ನಾವು ಕೇಳಿದ್ವಿ. ಹೊಳೆಆಲೂರಾಗ ಮಲಪ್ರಭಾ ತುಂಬಿ ಬಂದದ್ದು ನೋಡೀರೇನು ಅಂದ. ನಾವು ಅದನ್ನೂ ನೋಡಿರಲಿಲ್ಲ. "ಹಾಳಾಗ ಹೋಗ್ರಿ, ಮುಗಿಲರ ನೋಡೀರಿಲ್ಲ? ಹಡಗ ಮುಗಿಲಾಗ ತೇಲತಾವು ಅಂತ ತಿಳೀರಿ" ಅಂದ. ಹಿಂಗ ಆ ಯುದ್ಧ ಸಮುದ್ರ ಬಿಟ್ಟು ಮುಗಿಲು ಏರಿತು ನೋಡ್ರಿ.

ಆಮ್ಯಾಲ ಕಾಕಾನ್ನ ಹಿಡಿಯೋರು ಯಾರು? ರಾಜ ಹೋಗಿ ಸಾರ್ವಭೌಮ ಆದ, ಆತನ ಒಂದೊಂದ ಹಡಗ ನಮ್ಮ ಗುಡ್ಡದಷ್ಟು ಆತು. ಮುಗಿಲಾಗ ಮಿನಗೂ ಚಿಕ್ಕಿಚಿಕ್ಕಿಗೂ ಹೋಗಿ ಜನಾ ಬೆಳದ ಕಾಳು ಕಸಗೊಂಡು ಬರೂದು ಆ ದಂಡಿನ ಕೆಲಸ. ಆ ಕಾಳು ಹೊಡಕೊಂಡು ಹೋಗೋರು ಮುಗಿಲ ಕಳ್ಳರು. ಅವರ ನಾಯಕಿ ಒಬ್ಬ ಮುದುಕಿ, ಬಾಯಾಗ ಒಂದ ಹಲ್ಲು, ಯಾರಿಗೂ ತಲಿ ಬಾಗಿಸಿದಾಕಿ ಅಲ್ಲ. ಆಕಿ ಎಲಿಅಡಕಿ ಉಗುಳಿದ್ದಕ್ಕ ಸಂಜಿ ಮುಗಿಲು ಕೆಂಪಾಗೂದು. ದಂಡಿನವರ ತೋಪಿನ ಗುಂಡು ಗುರಿ ತಪ್ಪಿದ್ರ, ಅದs ಉರಕೋತ ಬೀಳೂ ಚಿಕ್ಕಿ. ನಾವು ಬಾಯಿ ತಕ್ಕೊಂಡು ಕೇಳ್ತಿದ್ವಿ.

ಆದ್ರ ಎರಡು ಕಟ್ಟಳೆ ಇದ್ವು. ಒಂದು, ಕತಿ ಕೇಳೋರು ಹೂಂ ಅನಬೇಕು. ಹೂಂ ನಿಂತ್ರ ಕತಿ ನಿಂತಂಗ. ಇನ್ನೊಂದು, ಕತಿ ತಿರುಗಿ ಹೇಳೂವಾಗ ಒಂದ ಅಕ್ಷರ ಆಕಡೆ ಈಕಡೆ ಆಗಬಾರದು. ಮುದುಕಿಗೆ ಎರಡ ಹಲ್ಲು ಅಂತ ಒಮ್ಮೆ ಗೆಳತಿ ಒಬ್ಬಾಕಿ ಅಂದದ್ದಕ್ಕ, ಕಾಕಾ ಮಗ್ಗ ನಿಲ್ಲಿಸಿ, ಕಾಲಿಳಿಬಿಡೂ ಕುಣ್ಯಾಗಿಂದ ಎದ್ದು ಬಂದು ಬೈದಿದ್ದ. ಅಲ್ಲಾ, ಹೆಂಡ್ತಿ ಮಾಡಿದ ಸಾರಿನಾಗ ಉಪ್ಪಿಲ್ಲದಿದ್ರೂ ಸುಮ್ನ ಉಣ್ಣೂ ಮನಷ್ಯಾ, ಆ ಮುದುಕಿ ಹಲ್ಲಿನ ಸುದ್ದಿಗೆ ಹೋದ್ರ ಹುಲಿ ಆಗ್ತಿದ್ದ. ಹುಟ್ಟುಗುಣ ಸುಟ್ರೂ ಹೋಗೂದಿಲ್ಲ ಅಂತಾರಲ್ಲ, ಹಂಗ.

ಆ ವರ್ಷ ಬ್ಯಾಸಗಿ ಮುಗಿಯಾಕ ಬಂದಾಗ ನಮ್ಮಪ್ಪ ಹಗೇವು ತಗಸಿದ. ಹಗೇವು ಅಂದ್ರ ನೆಲದಾಗ ತೋಡಿದ ಜೋಳದ ಕಣಜ. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಒಬ್ಬರು ಸೊಂಟಕ್ಕ ಹಗ್ಗಾ ಕಟಗೊಂಡು ಇಳದು ಬುಟ್ಟಿ ತುಂಬಬೇಕು, ಮ್ಯಾಲಿನವರು ಜಗ್ಗಬೇಕು. ಒಳಗ ಕೆಟ್ಟ ಗಾಳಿ ಇರತೈತಿ, ಮನಷ್ಯಾನ್ನ ಸದ್ದಿಲ್ಲದ ಮಲಗಿಸಿಬಿಡತೈತಿ. ಅದಕ್ಕ ಮುಚ್ಚಳ ತಗದು ಗಾಳಿಗೆ ಬಿಟ್ಟು, ಕಂದೀಲು ಇಳಿಬಿಟ್ಟು, ದೀಪ ಆರಲಿಲ್ಲ ಅಂದ್ರ ಇಳಿಯೂದು. ಇಳದಮ್ಯಾಲೂ ಮ್ಯಾಲ ಕುಂತವರು ಮಾತಾಡ್ತಿರಬೇಕು, ಕೆಳಗಿನವರು ಹೂಂ ಅಂತಿರಬೇಕು. ಹೂಂ ನಿಂತ್ರ ಹಗ್ಗಾ ಜಗ್ಗೂದು.

ಕಾಕಾನ ಮಗ್ಗದಾಗ ಹಾಸಿನ ನೂಲು ಮುಗದಿತ್ತು, ಕೈ ಖಾಲಿ ಇತ್ತು. "ಹಗೇವಿನ ಬಾಯಾಗ ಇಳಿಯಾಕ ನನ್ನಂಥ ಬಡಕಲನs ಬೇಕು" ಅಂತ ತಾನs ಮುಂದ ಬಂದ. ಅಪ್ಪ ಕಂದೀಲು ಇಳಿಬಿಟ್ಟ. ಹೊಟ್ಟು ಹೊತ್ತಿಕೊಂಡೀತು ಅಂತ ತಳಕ್ಕ ಮುಟ್ಟಿಸದ, ಎದಿಮಟ ಎತ್ತರಕ್ಕ ಅದನ್ನ ತೂಗಬಿಟ್ಟ. ಎಲ್ಲಾರೂ ಹಂಗs ಮಾಡ್ತಿದ್ರು. ದೀಪ ಚಲೋ ಉರೀತು. ಕಾಕಾ ಇಳಿಯೂಮುಂದ ನನ್ನ ನೋಡಿ, "ಇವತ್ತ ಕತಿ ನೀ ಹೇಳು. ನಾ ಹೂಂ ಅಂತೀನಿ" ಅಂದ. ನನಗ ಆದ ಹಿಗ್ಗು ಏನ್ ಕೇಳ್ತೀರಿ.

ಅಪ್ಪ ಚಿಕ್ಕಪ್ಪ ಬುಟ್ಟಿ ಜಗ್ಗಾಕ ಹತ್ತಿದ್ರು. ಅವ್ವ ಅಂಗಳದಾಗ ಜೋಳ ಹರವಾಕ ಹತ್ತಿದ್ಲು. ನಾ ಹಗೇವಿನ ಬಾಯಿ ಕಡೆ ಬೋರಲ ಬಿದ್ದು ಕತಿ ಸುರು ಮಾಡಿದೆ. ಹೂಂ ಜೋರs ಬರ್ತಿತ್ತು. ದಂಡು ಹೊಂಟಿತು... ಹೂಂ. ತೋಪಿಗೆ ಮದ್ದು ತುಂಬಿದ್ರು... ಹೂಂ. ಮುದುಕಿ ಎರಡೂ ಹಲ್ಲು ಕಡದ್ಲು ಅಂತ ಬಾಯಿತಪ್ಪಿ ಅಂದೆ. "ಒಂದ ಹಲ್ಲು ಲೇ!" ಅಂತ ತಳದಿಂದ ಬಂತು. ಅಪ್ಪ ನಕ್ಕ.

ಚಂದ್ರನ ಹಿಂದ ಅಡಗಿದ ಕಳ್ಳರ ಹಡಗನ್ನ ದಂಡು ಸುತ್ತುಗಟ್ಟಿತು ಅನ್ನೂ ತನಕಾ ನನಗ ಕತಿ ಗೊತ್ತಿತ್ತು. ಮುಂದಿಂದು ಕಾಕಾ ಇನ್ನೂ ಹೇಳಿರಲಿಲ್ಲ. ಹೊಸಾ ಹಾಸು ಏರಿಸಿದಮ್ಯಾಲ ಹೇಳ್ತೀನಿ ಅಂದಿದ್ದ. ಅದಕ್ಕ ನಾ ಅದನ್ನs ಎಳಕೋತ ಹೊಂಟೆ. ಅಷ್ಟೊತ್ತಿಗೆ ಹೂಂ ಸಣ್ಣಾಗಿತ್ತು. ಬುಟ್ಟಿ ಅರ್ಧ ತುಂಬಿ ಬಂತು. ಮುಂದಿನ ಬುಟ್ಟ್ಯಾಗ ಬೊಗಸಿ ಜೋಳಾನೂ ಇರಲಿಲ್ಲ. ಚಿಕ್ಕಪ್ಪ, ದಣದಾನ, ಇದೊಂದು ಬುಟ್ಟಿ ಆದಮ್ಯಾಲ ಮ್ಯಾಲ ಕರಿಯೂಣು ಅಂದ. ನಾ ಬಗ್ಗಿ ನೋಡಿದೆ. ಕಂದೀಲು ಅಲಗಾಡದs ಉರೀತಿತ್ತು. ಅದರ ಕೆಳಗ ಬಗ್ಗಿದ ಕಾಕಾನ ಬೆನ್ನಷ್ಟ ಕಾಣ್ತಿತ್ತು.

ಆಂವ ಖರೇನ ಕೇಳಾಕತ್ತಾನೋ ಇಲ್ಲೋ ನೋಡೂಣು ಅಂತ ಬೇಕಂತನs ಅಂದೆ: ಮುದುಕಿಗೆ ಬಾಯಿ ತುಂಬ ಹಲ್ಲು ಇದ್ವು.

ಹೂಂ.

ಬೈಗಳ ಬರಲಿಲ್ಲ. ಕೇಳಿಸಿರಲಿಕ್ಕಿಲ್ಲ ಅನಕೊಂಡೆ. ಇನ್ನೂ ಬಗ್ಗಿ, ಗಂಟಲ ಹರಕೊಂಡು ಅಂದೆ: ಮುದುಕಿ ಹಡಗ ಒಪ್ಪಿಸಿ ಸಾರ್ವಭೌಮನ ಕಾಲಿಗೆ ಬಿದ್ಲು.

ಹೂಂ.

ನಾ ಎದ್ದು ಅಪ್ಪನ ಧೋತರ ಹಿಡದು ಜಗ್ಗಿದೆ, ಕಾಕಾನ್ನ ಮ್ಯಾಲ ತಗಿ ಅಂತ. ಅಪ್ಪ ಬೈದ. ದೀಪ ಉರಿಯಾಕತ್ತೈತಿ, ಆಂವ ಹೂಂ ಅನಾಕತ್ತಾನ, ನಿಂದೇನ ಗದ್ಲ ಅಂದ. ನಾ ಅಳಕೋತ ಅಂದೆ:

"ಅಪ್ಪಾ, ಮುದುಕಿ ಕಾಲಿಗೆ ಬಿದ್ಲು ಅಂದ್ರೂ ಬೈಲಿಲ್ಲ."

ಅಪ್ಪ ಹೊಳ್ಳಿ ನನ್ನ ಮಾರಿ ನೋಡಿದ. ಗ್ವಾಡಿ ಈಕಡೆ ಕುಂತು ಆಂವಾನೂ ಆ ಕತಿ ದಿನಾ ಕೇಳಿದಾಂವs. ಬುಟ್ಟಿ ಒಗದು ಸೊಂಟದ ಹಗ್ಗಕ್ಕ ಕೈ ಹಾಕಿದ. ಚಿಕ್ಕಪ್ಪಾನೂ ಹಾಕಿದ. ಹಗ್ಗಾ ಬಿಗೀತು. ಕಾಕಾ ಬಡಕಲಾ ಖರೇ, ಆದ್ರ ಕೈಕಾಲು ಬಿಟ್ಟ ಮೈ ಭಾಳ ಭಾರ ಇರತೈತಿ. ಅರ್ಧ ದಾರಿಗೆ ಬಂದಾಗ ಮತ್ತ ಹೂಂ ಅಂದ. ನಾ ಏನೂ ಹೇಳಿರಲಿಲ್ಲ... ಹೆಗಲು ಹಗೇವಿನ ಬಾಯಿಗೆ ಸಿಕ್ಕೊಂಡು ಮ್ಯಾಲ ಬರವಲ್ತು. ಅಪ್ಪ ಬೋರಲ ಬಿದ್ದು ಆತನ ರಟ್ಟಿ ಹಿಡದು ಹೊಳ್ಳಿಸಿ, ಚರ್ಮಾ ಕಿತ್ರೂ ಬಿಡದ ಎಳದ. ಕಾಕಿ ಕೈತುಂಬ ನೂಲಿನ ಗಂಜಿ ಮೆತ್ತಿಕೊಂಡು ಓಡಿ ಬಂದ್ಲು. ಆಕಿ ಅಳಲಿಲ್ಲ. ಅದs ಕೈಲೆ ಗಂಡನ ಮಾರಿ ಒರಸಾಕ ಹತ್ತಿದ್ಲು. ಗಂಜಿ ಮಾರಿಗೆಲ್ಲಾ ಹತ್ತಿತು.

ಚಕ್ಕಡಿ ಕಟ್ಟಿ ರೋಣದ ದವಾಖಾನಿಗೆ ಒಯ್ದ್ರು. ಕೆಟ್ಟ ಗಾಳಿ ತಳದಾಗ ಮಡುಗಟ್ಟಿ ನಿಂತಿತ್ತು, ಕಂದೀಲು ಅದರ ಮ್ಯಾಲ ಇತ್ತು. ಬುಟ್ಟಿ ತುಂಬಾಕ ಬಗ್ಗಿದಾಗೆಲ್ಲಾ ಕಾಕಾನ ಮೂಗು ಅದರಾಗ ಮುಣಗಿತ್ತು. ಆಮ್ಯಾಲ ಅಪ್ಪಗ ಇದು ತಿಳೀತು. ನಮ್ಮ ಮನಿ ಹಗೇವು ಅಪ್ಪ ಮತ್ತ ತಗೀಲಿಲ್ಲ, ಕಲ್ಲು ಮಣ್ಣು ಹಾಕಿ ಮುಚ್ಚಿಸಿಬಿಟ್ಟ.

ಕಾಕಾ ಉಳದ. ಊರಾಗಿನವರೆಲ್ಲಾ ನನ್ನ ಗಲ್ಲಾ ಹಿಂಡಿ, ಶಾಣ್ಯಾ ಹುಡುಗಿ, ಜೀವಾ ಉಳಿಸಿದಿ ಅಂದ್ರು. ಅವ್ವ ದೃಷ್ಟಿ ತಗದ್ಲು. ಕಾಕಾ ಚಕ್ಕಡ್ಯಾಗಿಂದ ಇಳದು ಮನಿಗೆ ಬಂದ ದಿನಾ ನಾ ಓಡಿಹೋಗಿ, ಕಾಕಾ, ಆರಾಮ ಆದೇನು ಅಂತ ಕೇಳಿದೆ. ಹೂಂ ಅಂದ. ಉಂಡೇನು ಅಂತ ಕಾಕಿ ಕೇಳಿದ್ಲು. ಹೂಂ. ಹಸಿವ್ಯಾಗೇತೇನು? ಹೂಂ. ಕಾಕಿ ನನ್ನ ಮಾರಿ ನೋಡಿದ್ಲು. ನಾ ಆಕಿ ಮಾರಿ ನೋಡಿದೆ...

ಆಮ್ಯಾಲ ಮಗ್ಗದ ಕುಣ್ಯಾಗ ಕಾಕಿ ಕಾಲಿಳಿಬಿಟ್ಟು ಕುಂತ್ಲು. ಕಾಕಾ ಕಟ್ಟಿ ಮ್ಯಾಲ ಕುಂದ್ರತಿದ್ದ. ಉಣಿಸಿದ್ರ ಉಣತಿದ್ದ, ಕರಕೊಂಡು ಹೋದಲ್ಲಿ ಬರತಿದ್ದ. ಹುಡುಗ್ಯಾರು ಒಬ್ಬೊಬ್ಬರs ಬರೂದು ಬಿಟ್ರು. ನಾ ಬಿಡಲಿಲ್ಲ. ದಿನಾ ಸಂಜಿಗೆ ಹೋಗಿ ಬಾಜೂಕ ಕುಂತು ಕತಿ ಹೇಳ್ತಿದ್ದೆ. ಮುದುಕಿಗೆ ಎರಡ ಹಲ್ಲು ಅಂದೆ, ಹತ್ತು ಅಂದೆ. ಕಳ್ಳರೆಲ್ಲಾ ಸುಟ್ಟು ಬೂದಿ ಆದ್ರು ಅಂದೆ. ಸಾರ್ವಭೌಮ ಭಾಳ ಚಲೋ ಮನಷ್ಯಾ ಅಂದೆ. ಎಲ್ಲಾದಕ್ಕೂ ಹೂಂ. ಒಂದಿನಾ ತಡಿಲಾರದ ಆತನ ಹೆಗಲ ಹಿಡದು ಅಳ್ಳಾಡಿಸಿ, ಬೈಯೋ ಕಾಕಾ, ಸುಳ್ಳ ಹೇಳಾಕತ್ತೀನಿ, ಬೈಯೋ ಅಂತ ಅತ್ತೆ. ಕಾಕಿ ಮಗ್ಗ ನಿಲ್ಲಿಸಿದ್ಲು. ಕಾಕಾ ನನ್ನ ಕಡೆ ನೋಡಿ, ಮೆಲ್ಲಕ, ಭಾಳ ಪ್ರೀತಿಲೆ, ಹೂಂ ಅಂದ.

ನನ್ನ ಲಗ್ನ ಆಗೂಕಿಂತ ಮೊದಲs ತೀರಿಕೊಂಡ. ಕಾಕಿ ಮುಶಿಗೇರಿ ತವರಿಗೆ ಹೋದ್ಲು. ಆಕಿ ಸುದ್ದೀನೂ ಆಮ್ಯಾಲ ಹತ್ತಲಿಲ್ಲ...

ಮೊನ್ನೆ ಸೊಸಿ ಜೋಳ ಹರವಿದಮ್ಯಾಲ ಮೊಮ್ಮಕ್ಕಳು ಬಂದು ಕಟ್ಟಿ ಮ್ಯಾಲ ಕುಂತ್ವು. ಕತಿ ಹೇಳಂದ್ವು, ಹೇಳಿದೆ. ಚಂದ್ರನ ಹಿಂದ ಸಿಕ್ಕೊಂಡ ಮುದುಕಿ ಏನಾದ್ಲು ಅಂತ ಕೇಳಿದ್ವು. ದಂಡು ಸೀಳಿಕೊಂಡು ಪಾರಾದ್ಲು ಅಂತ ನನಗ ತಿಳಿದಂಗ ಹೇಳಿದೆ. ಸಣ್ಣಾಕಿ, ಖರೇನ ಅಜ್ಜಿ, ಅಂದ್ಲು. ಖರೇನೋ ಸುಳ್ಳೋ ನನಗೇನ ಗೊತ್ತು? ತಪ್ಪ ಹೇಳಿದ್ರ ಎದ್ದು ಬಂದು ಬೈಯಾಂವ ಒಬ್ಬs ಇದ್ದ.