ಹಾವುಮೀನಿನ ಗೋಡೆ

ಶನಿವಾರ ಬೆಳಗ್ಗೆ ಎಂಟು ಗಂಟೆ, ನಾವು ವಲಸೆ ಬಂದ ದೇಶದ ಹ್ಯಾರಿಸ್ ಪಾರ್ಕ್ ಬಡಾವಣೆಯ ಹತ್ತಿರದ ಶಾಲೆ. ಹಾಜರಿದ್ದವರು ನಾನು, ನಮ್ಮ ಬೀದಿಯ ಇಬ್ಬರು ಕನ್ನಡದ ಹೆಂಗಸರು, ಗೇಟಿನ ಹೊರಗೇ ನಿಂತ ನನ್ನ ಮೊಮ್ಮಗಳು, ಏಣಿಯ ಮೇಲೆ ಆಂಟಿ. ಮೊಣಕೈವರೆಗೂ ಕೆಮ್ಮಣ್ಣಿನ ಬಣ್ಣ, ಬಿಳಿ ಜಡೆಯಲ್ಲಿ ಸಿಕ್ಕಿಸಿದ ಕುಂಚ. ತಲೆ ತಿರುಗಿಸಿದಾಗಲೆಲ್ಲ ಅದು ಅವರ ಕಿವಿಗೆ ಬಣ್ಣ ಬಳಿಯುತ್ತಿತ್ತು.

ಆಂಟಿ ಈ ನೆಲದ ಮೂಲನಿವಾಸಿಗಳಾದ ದಾರುಗ್ ಜನರ ಹಿರಿಯರು. ಅವರಲ್ಲೂ ಹಿರಿಯ ಹೆಂಗಸರನ್ನು ಆಂಟಿ ಎಂದೇ ಕರೆಯುತ್ತಾರೆ. ಬಣ್ಣದ ಡಬ್ಬಿ ತೆರೆಯುವ ಮೊದಲು ಬಗ್ಗಿ ನೆಲ ಮುಟ್ಟುವುದು ಅವರ ಅಭ್ಯಾಸ. ಶಾಲೆಯ ಗೋಡೆಯ ಮೇಲೆ ಪಕ್ಕದ ನದಿಯನ್ನೂ ಅದರ ಹಾವುಮೀನುಗಳನ್ನೂ ಬರೆಯುತ್ತಿದ್ದರು. ಚಿತ್ರದ ದಡದುದ್ದಕ್ಕೂ ಮಕ್ಕಳೆಲ್ಲ ಹಿಂದಿನ ದಿನ ಬಣ್ಣ ಹಚ್ಚಿದ ಅಂಗೈ ಒತ್ತಿದ್ದರು. ನನ್ನ ಮೊಮ್ಮಗಳು ಮಾತ್ರ ಒಲ್ಲೆನೆಂದಿದ್ದಳು. ಆ ವಾರ ತರಗತಿಯಲ್ಲಿ ಯಾರೋ ಅವಳಿಗೆ "ನಿಮ್ಮ ದೇಶಕ್ಕೆ ಹೋಗು" ಎಂದಿದ್ದರು. ಅಂದಿನಿಂದ ದಿನಾ ಬೆಳಗ್ಗೆ ಗೇಟಿನಲ್ಲಿ ಎಳೆದಾಟ. ಆಂಟಿಗೂ ಇದನ್ನು ಹೇಳಿದ್ದೆ.

ಆಂಟಿ ಚಹಾಕ್ಕೆ ಹೋದರು. ಖಾಲಿ ಜಾಗ ಕಂಡರೆ ನಮ್ಮ ಕೈ ಸುಮ್ಮನಿರುತ್ತದೆಯೇ? ಹಾವುಮೀನಿನ ಸುತ್ತ ರಂಗೋಲಿಯ ಹಾಗೆ ಸಾಲಾಗಿ ಚುಕ್ಕಿ ಇಟ್ಟೆವು. ಆಂಟಿ ಬಂದು ಸೊಂಟಕ್ಕೆ ಕೈಯಿಟ್ಟರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನನಗೆ ನೆನಪಿರುವುದು ಕನ್ನಡದಲ್ಲಿ.

"ಎಷ್ಟು ನೆಟ್ಟಗಿದೆ! ಮಿಲಿಟರಿಯಲ್ಲಿದ್ರಾ?"

"ಹಾಸ್ಟೆಲ್ ವಾರ್ಡನ್," ಎಂದೆ.

"ಅದೇ ಅನ್ಕೊಂಡೆ. ಅಳಿಸಿಬಿಡಿ. ಚುಕ್ಕಿ ಚಿತ್ರ ಮರುಭೂಮಿ ಕಡೆ ಜನರದ್ದು. ಅವರನ್ನ ಕೇಳದೆ ನಾನೂ ಇಡಲ್ಲ. ನಿಮ್ಮಲ್ಲಿ ಚುಕ್ಕಿ ಎಲ್ಲಿಡ್ತೀರಿ?"

"ಬಾಗಿಲ ಮುಂದೆ, ನೆಲದ ಮೇಲೆ. ಬರೋರು ಬರಲಿ ಅಂತ."

"ಇಲ್ಲೂ ಬಾಗಿಲಿದೆಯಲ್ಲ!"

ಗೋಡೆಯ ಚುಕ್ಕಿ ಒರೆಸಿದೆವು. ಚಾಕ್ ತಂದು ಗೇಟಿನ ಮುಂದೆ ರಂಗೋಲಿ ಹಾಕತೊಡಗಿದೆವು. ಮೊಮ್ಮಗಳೂ ಕುಕ್ಕರಗಾಲಲ್ಲಿ ಕೂತು ಎಳೆ ಎಳೆದಳು. ಮುಗಿದಾಗ ಆಂಟಿ ರಂಗೋಲಿ ತುಳಿಯದಂತೆ ಪಕ್ಕದಲ್ಲಿ ನಿಂತು, ಅವಳತ್ತ ಕೈ ಚಾಚಿದರು.

"ಹೋಗು ಅಂದೋರು ಯಾರೋ. ಈ ನೆಲದೋಳು ನಾನು. ಬಾ ಅಂತಿದೀನಿ."

"ಶೂಸ್ ಬಿಚ್ಚಬೇಕಾ, ಆಂಟಿ?"

"ಬೇಡ ಕಣೇ, ಕೈ ಒಂದು ಸಾಕು."

ಹಾವುಮೀನಿನ ಬಾಲದ ಹತ್ತಿರ ಅವಳ ಅಂಗೈ ಮೂಡಿತು.

ಕಳೆದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಹೋದವರ ಹೆಸರನ್ನು ಕೆಲಕಾಲ ಹೇಳಬಾರದೆಂದು ಮನೆಯವರು ಕೇಳಿಕೊಂಡಿದ್ದಾರೆ; ಹಾಗಾಗಿ ಬರೆದಿಲ್ಲ. ಮೊಮ್ಮಗಳು ಈಗ ಗೇಟಿನಲ್ಲಿ ನನ್ನ ಕೈ ಬಿಟ್ಟು ಓಡುತ್ತಾಳೆ. ಶಾಲೆಗೆ ಹೊಸ ಮಗು ಸೇರಿದರೆ ಮೊದಲು ಆ ಗೋಡೆಯ ಹತ್ತಿರ ಕರೆದೊಯ್ಯುತ್ತಾಳಂತೆ.

ಆ ಶನಿವಾರ ಸಂಜೆ ಕುಂಚಗಳನ್ನೆಲ್ಲ ತೊಳೆದು ಜೋಡಿಸಿದೆ. ಒಂದು ಕಡಿಮೆಯಿತ್ತು. ಆಂಟಿಯ ಜಡೆಯಿಂದ ಅದನ್ನು ಬಿಡಿಸಿಕೊಂಡು, ತೊಳೆದು, ಉಳಿದವುಗಳ ಜೊತೆಗಿಟ್ಟೆ.